ಎದೆಯ ಮೇಲೊಂದು ಕಾಗದದ ಬಾವುಟ

ಡಿಸೆಂಬರ್ ಮೊದಲ ವಾರದಲ್ಲಿ ಮುಂಬಯಿಯ ನಮ್ಮ ಕಚೇರಿಗೆ ಒಂದು ಲಕೋಟೆ ಬರುತ್ತದೆ. ಒಳಗೆ ಪುಟ್ಟ ಕಾಗದದ ಬಾವುಟಗಳು: ಕೆಂಪು, ಕಡುನೀಲಿ, ತಿಳಿನೀಲಿ, ಮೂರೂ ಸೇನೆಗಳ ಬಣ್ಣ. ಹಣ ಕೊಟ್ಟವರು ಗುಂಡುಸೂಜಿಯಿಂದ ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಸಂಜೆಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಎಷ್ಟೋ ಬಾವುಟಗಳು ಉದುರಿಹೋಗುತ್ತವೆ.

ಈ ಪದ್ಧತಿಗೆ ಹಳೆಯ ಬೇರುಗಳಿವೆ. ಮೊದಲ ಮಹಾಯುದ್ಧದ ನಂತರ ನವೆಂಬರ್ 11ರಂದು ಇಲ್ಲಿಯೂ ಕೆಂಪು ಗಸಗಸೆ ಹೂವಿನ ಬಿಲ್ಲೆಗಳನ್ನು ಹಂಚಿ ಹಣ ಕೂಡಿಸುತ್ತಿದ್ದರು. ಅದು ಮುಖ್ಯವಾಗಿ ಬ್ರಿಟಿಷ್ ಮಾಜಿ ಸೈನಿಕರಿಗೆ ಸಲ್ಲುತ್ತಿತ್ತು. ಅದೇ ಯುದ್ಧದಲ್ಲಿ ಹೋರಾಡಿದ ಭಾರತೀಯ ಸಿಪಾಯಿಗೆ ದೊರೆಯುತ್ತಿದ್ದುದು ಅಧಿಕಾರಿಗಳ ಮರ್ಜಿಯ ಪಾಲು. ಈ ಅನ್ಯಾಯದ ಹಿನ್ನೆಲೆಯಲ್ಲಿ ನೋಡಿದರೆ, 1949ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ಬಲದೇವ್ ಸಿಂಗ್ ಅವರ ಕಾಲದ ಸಮಿತಿ ಡಿಸೆಂಬರ್ 7ನ್ನು ಧ್ವಜ ದಿನವೆಂದು ಗೊತ್ತುಪಡಿಸಿದ್ದರ ಮಹತ್ವ ತಿಳಿಯುತ್ತದೆ. ಆಗ ಭೂಸೇನೆಯ ದಂಡನಾಯಕರು ನಮ್ಮ ಕೊಡಗಿನ ಕಾರಿಯಪ್ಪನವರು.

1971ರಲ್ಲಿ ಆ ದಿನ ಯುದ್ಧದ ನಡುವೆಯೇ ಬಂದಿತು. ಮುಂಬಯಿ ದೀಪವಾರಿಸಿ ಕತ್ತಲಲ್ಲಿ ಕುಳಿತಿದ್ದ ದಿನಗಳವು. ಎರಡೇ ದಿನಗಳ ಬಳಿಕ, ಡಿಸೆಂಬರ್ 9ರ ರಾತ್ರಿ, ದಿಯು ಸಮೀಪದ ಕಡಲಲ್ಲಿ ‘ಖುಕ್ರಿ’ ನೌಕೆ ಮುಳುಗಿತು. ಕ್ಯಾಪ್ಟನ್ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಮರಳಲಿಲ್ಲ. ಧ್ವಜ ದಿನದಂದು ಹೆಂಡತಿ ಮಕ್ಕಳಿದ್ದ ಎಷ್ಟೋ ಮನೆಗಳು ಆ ವಾರ ಮುಗಿಯುವಷ್ಟರಲ್ಲಿ ವಿಧವೆಯರ, ಅನಾಥರ ಮನೆಗಳಾದವು. ನಿಧಿ ಯಾರಿಗಾಗಿ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನೌಕಾದಳದಿಂದ ನಿವೃತ್ತರಾಗಿ ನಮ್ಮ ವಿಭಾಗಕ್ಕೆ ಬಂದ ಬೆಳಗಾವಿ ಕಡೆಯ ಹಿರಿಯರೊಬ್ಬರಿದ್ದರು. ಮಕ್ಕಳ ಓದಿಗೋ ಮಗಳ ಮದುವೆಗೋ ಸಹಾಯಧನ ಕೋರುವ ಸೈನಿಕರ ವಿಧವೆಯರಿಗೆ ಊಟದ ಬಿಡುವಿನಲ್ಲಿ ಅರ್ಜಿ ತುಂಬಿಕೊಡುತ್ತಿದ್ದರು. ಒಮ್ಮೆ ನಕ್ಕು ಹೇಳಿದರು: “ರೊಕ್ಕಾ ಕೊಟ್ಟವ್ರಿಗೆ ಬಾವುಟ ಆಗಿಂದಾಗ ಸಿಗತೈತ್ರಿ, ರೊಕ್ಕಾ ಬೇಕಾದವ್ರು ಮಾತ್ರ ಅರ್ಜಿ ಬರಕೋತ ಕೂಡಬೇಕು.”

ಆ ಮಾತಿನಲ್ಲಿ ಕಹಿಯಿರಲಿಲ್ಲ, ಲೆಕ್ಕವಿತ್ತು. ಕೊಡುವವನ ದೇಶಭಕ್ತಿ ಎದೆಯ ಮೇಲೆ ಕಾಣುತ್ತದೆ. ಪಡೆಯುವವಳ ಕಷ್ಟ ಕಡತದೊಳಗೆ ಅಡಗಿರುತ್ತದೆ. ಹಾಗೆಂದು ಬಾವುಟ ಬೇಡವೆನ್ನಲಾರೆ. ಯುದ್ಧವಿಲ್ಲದ ವರ್ಷಗಳಲ್ಲಿ ನಮಗೆ ಇಷ್ಟಾದರೂ ನೆನಪಿಸುವುದು ಅದೇ. ಆದರೆ ಅದು ಸಂದಾಯವಾದ ಋಣದ ರಸೀದಿಯಲ್ಲ. ಋಣ ಇನ್ನೂ ಉಳಿದಿದೆ ಎಂಬ ತಿಳುವಳಿಕೆಯ ಚೀಟಿ.