ಆರಾಮದ ಸೈಕಲ್ಲು

ಸೊಂಟ ಹಿಡಿದುಕೊಂಡು ಮೂರು ವಾರ ಮಲಗಿದ್ದ ನಮಗೆ ಡಾಕ್ಟರು ಹೇಳಿದ್ದು ಎರಡೇ ಮಾತು. ಒಂದು, ಸ್ಕೂಟರ್ ಬಿಡಿ. ಎರಡು, ಈಜಿ, ಇಲ್ಲವೆ ಸೈಕಲ್ ಹೊಡೆಯಿರಿ. ಈಜು ನಮಗೆ ಬಾರದು. ಭದ್ರೆಯ ದಡದ ಊರಲ್ಲಿ ಹುಟ್ಟಿ, ತುಂಗೆಯ ದಡದ ಊರಲ್ಲಿ ಇಪ್ಪತ್ತು ವರ್ಷ ಕಳೆದೂ ಈಜು ಬಾರದ ಮನುಷ್ಯ ಕತೆ ಬರೆಯುವುದಕ್ಕಷ್ಟೇ ಲಾಯಕ್ಕು ಎಂಬುದು ಮನೆಯವರ ಅಭಿಪ್ರಾಯ. ಹಾಗಾಗಿ ಉಳಿದದ್ದು ಸೈಕಲ್ಲು.

(ಇಲ್ಲಿ 'ನಾವು' ಅಂದರೆ ಒಬ್ಬರೇ. ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ 'ಹಮ್' ಎಂದು ರೂಢಿಯಾದ ನಾಲಿಗೆ, ಕನ್ನಡ ಹೈಸ್ಕೂಲಿಗೆ ಬಂದ ಮೇಲೂ ಆ ಬಹುವಚನವನ್ನು ಬಿಡಲಿಲ್ಲ. ದೊಡ್ಡಸ್ತಿಕೆ ಎಂದು ಯಾರೂ ತಿಳಿಯಬಾರದು.)

ನಾವಿರುವುದು ಶಿವಮೊಗ್ಗದಲ್ಲಿ. ಅಬ್ಬಾ ಇರುವುದು ಭದ್ರಾವತಿಯಲ್ಲಿ. ಭಾನುವಾರ ಹೋಗಿ ಅವರನ್ನು ನೋಡಿ ಬರದಿದ್ದರೆ ವಾರ ಮುಗಿದಂತಾಗುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಕಡದಕಟ್ಟೆ ಹೊಕ್ಕರೆ ಹದಿನೆಂಟು ಇಪ್ಪತ್ತು ಕಿಲೋಮೀಟರು. ಹೋಗಿ ಬರುವುದಕ್ಕೆ ನಲವತ್ತು. ಪಕ್ಕದ ಮನೆಯ ಹುಡುಗನ ಗೇರ್ ಸೈಕಲ್ ಪಡೆದು ಒಮ್ಮೆ ಹೊರಟೆವು. ಮುಂದೆ ದಪ್ಪ ಸ್ಪ್ರಿಂಗು, ಹಿಂದೆ ಸೋಫಾದಂಥ ಸೀಟು. ಮಾಚೇನಹಳ್ಳಿ ಹೊತ್ತಿಗೆ ಅಂಗೈ ಜೋಮು ಹಿಡಿಯಿತು, ವಾಪಸು ಬರುವಾಗ ಸೊಂಟ ಮತ್ತೆ ಪಿಸುಗುಟ್ಟಿತು. ಮೆತ್ತಗಿರುವುದೆಲ್ಲ ಆರಾಮವಲ್ಲ ಎಂದು ಆ ದಿನ ಗೊತ್ತಾಯಿತು.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ರಜೆಯ ದಿನ ನಸುಕಿಗೇ ಎದ್ದು ಸಕ್ರೆಬೈಲಿನ ಆನೆ ನೋಡಿ ತಿಂಡಿಯ ಹೊತ್ತಿಗೆ ಮನೆಗೆ ಬರುವ ಸೈಕಲ್ ಸವಾರರು. ಅವರು ನಮ್ಮ ಕತೆ ಕೇಳಿ, "ಮೇಷ್ಟ್ರೇ, ನಿಮಗೆ ಬೇಕಾದ್ದು ರೋಡ್ ಬೈಕು. ಅದರಲ್ಲೂ ಕಾರ್ಬನ್. ಅದರಲ್ಲೂ ಎಂಡ್ಯೂರೆನ್ಸ್ ಜಾತೀದು" ಅಂದರು. ಸೈಕಲ್ಲಿನಲ್ಲೂ ಜಾತಿ ಇದೆಯೇ ಎಂದು ಕೇಳಿದ್ದಕ್ಕೆ ನಕ್ಕು, ಇದೆ, ಆದರೆ ಬೆಲೆಯಿಂದ ಮಾತ್ರ ಅಂದರು. ಬೆಲೆ ಕೇಳಿ ನಾವು ಕೂತೆವು. ಸುಮಾರಾದದ್ದೇ ಎರಡೂವರೆ ಲಕ್ಷ. ಮೇಲಿನ ದರ್ಜೆಯದು ಹತ್ತು ಲಕ್ಷವನ್ನೂ ದಾಟುತ್ತದೆ.

ಮನೆಯಲ್ಲಿ ಹೇಳಿದಾಗ ಬೇಗಂ ಜಗಳವಾಡಲಿಲ್ಲ. "ಇದು ಇಸ್ರಾಫ್ ಆಗೋದಿಲ್ವಾ?" ಎಂದಷ್ಟೇ ಕೇಳಿ ಅಡಿಗೆಮನೆಗೆ ಹೋದರು. ದುಂದುವೆಚ್ಚ ಎಂಬ ಕನ್ನಡ ಮಾತಿಗಿಂತ ಇಸ್ರಾಫ್ ಎಂಬ ಮಾತು ಹೆಚ್ಚು ಚುಚ್ಚುತ್ತದೆ, ಅದರಲ್ಲಿ ಲೆಕ್ಕ ಕೇಳುವವನೊಬ್ಬ ಇದ್ದಾನೆ. ನಮ್ಮ ಬೀದಿಯ ಹುಡುಗನೊಬ್ಬ ಎರಡು ಲಕ್ಷ ಮೀರಿದ ಬುಲೆಟ್ ತಂದಾಗ ಮನೆಮನೆಗೂ ಮಿಠಾಯಿ ಬಂದಿತ್ತು, ಇಸ್ರಾಫ್ ಎಂದು ಯಾರೂ ಅನ್ನಲಿಲ್ಲ. ಪೆಟ್ರೋಲು ಸುಡದ, ಕಾಲಿನಿಂದ ತುಳಿಯುವ ಗಾಡಿಗೆ ಅಷ್ಟು ಹಣ ಕೊಟ್ಟರೆ ಮಾತ್ರ ತಲೆ ಕೆಟ್ಟಿದೆ ಅನ್ನುತ್ತಾರೆ. ಸೈಕಲ್ಲು ಬಡವರ ಗಾಡಿ, ಬಡವರ ಗಾಡಿಗೆ ಬೆಲೆ ಇರಬಾರದು ಎಂಬ ಲೆಕ್ಕಾಚಾರ. ಹೀಗೆಲ್ಲ ಮನಸ್ಸಿನಲ್ಲಿ ವಾದ ಹೂಡಿದೆವು. ಆದರೆ ಒಳಗೆ ಕೂತಿದ್ದ ಮುಜುಗರ ಬೇರೆಯದೇ ಆಗಿತ್ತು.

ಅಬ್ಬಾ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿದವರು. ಮೂರು ಪಾಳಿಗೂ ಅವರನ್ನು ಹೊತ್ತೊಯ್ದದ್ದು ಒಂದು ಕಪ್ಪು ಅಟ್ಲಾಸ್ ಸೈಕಲ್ಲು. ಇಪ್ಪತ್ತು ಕಿಲೋ ಆಸುಪಾಸಿನ ಉಕ್ಕು. ಅಟ್ಲಾಸ್ ಕಂಪೆನಿ ಸಾಹಿಬಾಬಾದಿನ ತನ್ನ ಘಟಕವನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ನಿಲ್ಲಿಸಿತು. ಆ ಸುದ್ದಿ ಓದಿ ಹೇಳಿದಾಗ ಅಬ್ಬಾ "ಹೌದಾ" ಅಂದರು, ಅಷ್ಟೆ. ಆದರೆ 2023ರ ಜನವರಿಯಲ್ಲಿ ಅವರ ಕಾರ್ಖಾನೆಯನ್ನೇ ಮುಚ್ಚುವುದಾಗಿ ಸೇಲ್ ತೀರ್ಮಾನಿಸಿದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತಲ್ಲಿಗೆ ಊರುಗೋಲು ಹಿಡಿದು ಹೋಗಿ ಕೂತು ಬಂದರು. ಆ ಹುಡುಗರ ಸಂಬಳ ನಮಗೆ ಗೊತ್ತು. ಅವರು ವರ್ಷವಿಡೀ ದುಡಿದರೂ ಈ ಸೈಕಲ್ಲಿನ ಬೆಲೆ ಹುಟ್ಟುವುದು ಕಷ್ಟ. ಅದೇ ಗೇಟಿನ ಮುಂದೆ ಇದನ್ನು ತುಳಿದುಕೊಂಡು ಅಬ್ಬಾನ ಮನೆಗೆ ಹೋಗಬೇಕಲ್ಲ ಎಂಬುದು ನಮ್ಮನ್ನು ಕಾಡಿತು.

ಆದರೂ ಹುಡುಕಾಟ ನಿಲ್ಲಲಿಲ್ಲ. ಬೆನ್ನು ನೋಯುವವನಿಗೆ ತತ್ವ ಬಹಳ ಹೊತ್ತು ನಿಲ್ಲುವುದಿಲ್ಲ.

ಓದಿ, ಕೇಳಿ, ಹತ್ತಿ ಇಳಿದು ತಿಳಿದುಕೊಂಡದ್ದು ಇಷ್ಟು. ಓಟದ ರೋಡ್ ಬೈಕಿನಲ್ಲಿ ಸವಾರ ಗಾಳಿ ಸೀಳಲು ಬಾಗಿ ಮಲಗಬೇಕು, ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ ಇರುತ್ತದೆ. ಎಂಡ್ಯೂರೆನ್ಸ್ ಎಂದು ಕರೆಯುವ ಬೈಕಿನಲ್ಲಿ ಅದೇ ಹ್ಯಾಂಡಲ್ ಎರಡು ಮೂರು ಸೆಂಟಿಮೀಟರು ಮೇಲಕ್ಕೂ ಒಂದಿಷ್ಟು ಹತ್ತಿರಕ್ಕೂ ಬರುತ್ತದೆ. ಆ ಎರಡು ಬೆರಳಿನ ಅಂತರ ನಲವತ್ತು ದಾಟಿದವರ ಸೊಂಟಕ್ಕೆ ಸ್ವರ್ಗ ನರಕಗಳ ಅಂತರ. ಹಾಗಂತ ಅಬ್ಬಾನ ಅಟ್ಲಾಸಿನ ಹಾಗೆ ನೆಟ್ಟಗೆ ಕೂರುವುದೂ ದೂರದ ದಾರಿಗೆ ಒಳ್ಳೆಯದಲ್ಲ. ಮೈಭಾರವೆಲ್ಲ ಸೀಟಿನ ಮೇಲೆ ಬಿದ್ದು, ಪ್ರತಿ ಗುಂಡಿಯ ಏಟೂ ಸೀದಾ ಬೆನ್ನೆಲುಬಿಗೆ ಹೋಗುತ್ತದೆ. ಸ್ವಲ್ಪ ಬಾಗಿದರೆ ಭಾರ ಕೈ, ಕಾಲು, ಕುಂಡೆಗಳಿಗೆ ಹಂಚಿಹೋಗುತ್ತದೆ.

ಸೀಟಿನದು ಇನ್ನೊಂದು ತಮಾಷೆ. ಮೆತ್ತಗೆ, ಅಗಲವಾಗಿ ಇದ್ದಷ್ಟೂ ಸುಖ ಎಂದುಕೊಂಡಿದ್ದೆವು. ಕೂರುವಾಗ ಭಾರ ಹೊರುವುದು ಕುಂಡೆಯ ಎರಡು ಮೂಳೆಗಳು. ಸೀಟು ಆ ಮೂಳೆಗಳ ಅಳತೆಗೆ ಹೊಂದಬೇಕು, ಗಟ್ಟಿಯಾಗಿಯೇ ಇರಬೇಕು. ಮೆತ್ತೆ ಜಾಸ್ತಿಯಾದರೆ ಮೂಳೆ ಅದರಲ್ಲಿ ಮುಳುಗಿ, ಒತ್ತಬಾರದ ಕಡೆ ಒತ್ತುತ್ತದೆ. ಅಳತೆ ತಿಳಿಯಲು ಗೀರು ಗೀರಾದ ರಟ್ಟಿನ ಮೇಲೆ ಗಟ್ಟಿಯಾಗಿ ಕೂತು ಎದ್ದು, ಬಿದ್ದ ಎರಡು ಗುಳಿಗಳ ನಡುವಿನ ದೂರ ಅಳೆಯಬೇಕಂತೆ. ಬಾಗಿಲು ಹಾಕಿಕೊಂಡು ಆ ಕೆಲಸವನ್ನೂ ಮಾಡಿದೆವು. ಬೇಗಂ ಆ ರಟ್ಟನ್ನು ನೋಡಿ ಏನೂ ಕೇಳದಿದ್ದದ್ದು ನಮ್ಮ ಪುಣ್ಯ.

ಕಂಪೆನಿಗಳು ಆರಾಮಕ್ಕೆಂದು ಮಾಡಿದ ಕಸರತ್ತುಗಳೂ ಇವೆ. ಉತ್ತರ ಫ್ರಾನ್ಸಿನಲ್ಲಿ 1896ರಿಂದ ನಡೆಯುವ ಪ್ಯಾರಿಸ್-ರೂಬೆ ಓಟದಲ್ಲಿ ಹಳೆಯ ಕಲ್ಲುಹಾಸಿನ ರಸ್ತೆಗಳ ಮೇಲೆ ಸೈಕಲ್ ಓಡಿಸುತ್ತಾರೆ. ಆ ಕಲ್ಲುಗಳನ್ನು ಎದುರಿಸಲು ಹುಟ್ಟಿದ ಉಪಾಯಗಳೇ ನಮ್ಮಂಥವರ ಪಾಲಿಗೂ ಬಂದಿವೆ. ಸ್ಪೆಷಲೈಸ್ಡ್ ಕಂಪೆನಿಯ ರೂಬೆಯಲ್ಲಿ ಹ್ಯಾಂಡಲಿನ ಬುಡದಲ್ಲೇ 20 ಮಿಲಿಮೀಟರು ಕುಪ್ಪಳಿಸುವ ಸ್ಪ್ರಿಂಗು. 2012ರಲ್ಲಿ ಬಂದ ಟ್ರೆಕ್ ಡೊಮಾನಿಯಲ್ಲಿ ಸೀಟಿನ ಕೊಳವೆ ಫ್ರೇಮಿಗೆ ಬಿಗಿಯಾಗಿ ಅಂಟದೆ ಬಿಲ್ಲಿನಂತೆ ಬಾಗುತ್ತದೆ. ಜಯಂಟ್ ಡಿಫೈಯಲ್ಲಿ ಸೀಟಿನ ಕಂಬವೇ ಇಂಗ್ಲಿಷಿನ ಡಿ ಅಕ್ಷರದ ಆಕಾರ, ಹಿಂದಕ್ಕೆ ಬಳುಕಲಿ ಎಂದು. ಇವೆಲ್ಲ ಸುಳ್ಳಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚು ಆರಾಮ ಕೊಡುವುದು ಟಯರು ಎಂದು ಪಿ.ಟಿ. ಮೇಷ್ಟ್ರು ಅಂದಾಗ ನಾವು ನಂಬಲಿಲ್ಲ. ಅವರು ಎರಡು ಬೈಕುಗಳನ್ನು ಸವಳಂಗ ರಸ್ತೆಯಲ್ಲಿ ಒಂದಾದ ಮೇಲೆ ಒಂದು ಓಡಿಸಲು ಕೊಟ್ಟರು. ಒಂದು ದುಬಾರಿಯದು, ಅದಕ್ಕೆ 25 ಮಿಲಿಮೀಟರಿನ ಟಯರು, ಕಲ್ಲಿನಂತೆ ಗಾಳಿ ತುಂಬಿದ್ದು. ಇನ್ನೊಂದು ಅದರರ್ಧ ಬೆಲೆಯದು, 32 ಮಿಲಿಮೀಟರಿನ ಟಯರು, ಗಾಳಿ 60 ಪೌಂಡಿನ ಆಸುಪಾಸು. ಅಗ್ಗದ್ದೇ ತೇಲಿತು. ಆದ್ದರಿಂದ ಅಗಲ ಟಯರು ಹಿಡಿಸುವ ಫ್ರೇಮು ಬೇಕು ಎಂಬುದನ್ನು ಕಾಗದದ ಮೇಲೆ ಮೊದಲ ಸಾಲಿನಲ್ಲಿ ಬರೆದುಕೊಂಡೆವು.

ಬೆಂಗಳೂರಿನ ಒಂದು ಅಂಗಡಿಗೆ ಹೋದಾಗ ಅಲ್ಲಿನ ಹುಡುಗ ಆ ಕಾಗದವನ್ನು ನೋಡಲೇ ಇಲ್ಲ. ಕೆಂಪು ಬಣ್ಣದ ಓಟದ ಬೈಕೊಂದನ್ನು ತಂದು ನಿಲ್ಲಿಸಿ "ಅಂಕಲ್, ಇದು ಆಫರ್‌ನಲ್ಲಿದೆ" ಅಂದ. ನಮ್ಮ ಎತ್ತರಕ್ಕೆ ಅದು ಎರಡು ಅಳತೆ ದೊಡ್ಡದು. "ಸ್ಟೆಮ್ ಚಿಕ್ಕದು ಹಾಕಿದರೆ ಆಯ್ತು" ಅಂದ. ದೊಡ್ಡ ಚಪ್ಪಲಿಗೆ ಹತ್ತಿ ತುರುಕಿ ಹಾಕಿಕೊಂಡು ಬೆಳೆದವರು ನಾವು, ಆ ಮಾತಿನ ಅರ್ಥ ಗೊತ್ತು. ಎದ್ದು ಬಂದೆವು. ಇನ್ನೊಂದು ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಮುಕ್ಕಾಲು ಗಂಟೆ ನಮ್ಮ ತೊಡೆಸಂದು, ತೋಳು, ಭುಜ ಅಳೆದು, "ನಿಮಗೆ ಬೇಕಾದ್ದು ಹಿಂದಿನ ವರ್ಷದ ಮಾದರಿ, ಹಣ ಉಳಿಸಿ" ಅಂದರು. ಫ್ರೇಮು, ಫೋರ್ಕು ಕಾರ್ಬನ್. ಗೇರು ಶಿಮಾನೋ 105, ಬ್ಯಾಟರಿಯದಲ್ಲ, ತಂತಿಯದು. ತಂತಿ ಕಡಿದರೆ ಗಾಂಧಿ ಬಜಾರಿನ ಹತ್ತಿರವೂ ಯಾರಾದರೂ ಸರಿಮಾಡಿಯಾರು. ಒಟ್ಟು ತೂಕ ಒಂಬತ್ತು ಕಿಲೋ. ಬೆಲೆ ಎರಡು ಲಕ್ಷ ಅರವತ್ತು ಸಾವಿರ. ಬರೆಯುವಾಗಲೂ ಕೈ ನಡುಗುತ್ತದೆ.

ಕಾರ್ಬನ್ ಎಂದರೆ ಇಂಗಾಲ, ನಮ್ಮ ಕಡೆಯ ಮಾತಿನಲ್ಲಿ ಇದ್ದಿಲು. ಅದನ್ನು ಮಾಡುವ ಬಗೆ ಓದಿದಾಗ ನಮಗೆ ಭದ್ರಾವತಿಯೇ ನೆನಪಾಯಿತು. ಅಕ್ರಿಲಿಕ್ ಜಾತಿಯ ನೂಲನ್ನು ಮೊದಲು ಹದವಾಗಿ ಹುರಿದು, ಆಮೇಲೆ ಗಾಳಿ ತಾಗದ ಕುಲುಮೆಯಲ್ಲಿ ಸಾವಿರ ಡಿಗ್ರಿ ಮೀರಿದ ಕಾವಿಗೆ ಒಡ್ಡುತ್ತಾರೆ. ಉಳಿದದ್ದೆಲ್ಲ ಹೋಗಿ ಇಂಗಾಲದ ಎಳೆ ನಿಲ್ಲುತ್ತದೆ. ಅದನ್ನು ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಅಚ್ಚಿಗೆ ಹಾಕಿ ಬೇಯಿಸಿದರೆ ಫ್ರೇಮು. ಎಳೆಗಳನ್ನು ಯಾವ ದಿಕ್ಕಿಗೆ ಮಲಗಿಸುತ್ತಾರೋ ಅದರ ಮೇಲೆ ಅದು ಎಲ್ಲಿ ಬಿಗಿ, ಎಲ್ಲಿ ಬಳುಕು ಎಂಬುದು ನಿಂತಿದೆ. ಭದ್ರಾವತಿಯಲ್ಲೂ ಶುರುವಾದದ್ದು ಇದ್ದಿಲಿನಿಂದಲೇ. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ಮೈಸೂರು ಸಂಸ್ಥಾನ, ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿ, ಅದರಿಂದ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿತು. 1923ರಲ್ಲಿ ಕಬ್ಬಿಣ ಹರಿಯತೊಡಗಿತು. ನಮ್ಮ ದಾದಾ ಆ ಕಟ್ಟಿಗೆ ಇಳಿಸುವ ಕೂಲಿಗೆಂದೇ ಆ ಊರಿಗೆ ಬಂದವರು. ಮೂರನೇ ತಲೆಮಾರಿಗೆ ಇದ್ದಿಲಿನ ಸೈಕಲ್ಲು.

ಅದರ ಮೇಲೆ ಮೊದಲ ಭಾನುವಾರ ಹೊರಟಾಗ ನಿದಿಗೆಯ ಹತ್ತಿರ ಒಂದು ನೆನಪು ಬಂತು. ನಮಗೆ ಆರೇಳು ವರ್ಷ ಇದ್ದಾಗ ರಜೆಯ ದಿನ ಅಬ್ಬಾ ನಮ್ಮನ್ನು ಅಟ್ಲಾಸಿನ ಬಾರಿನ ಮೇಲೆ ಕೂರಿಸಿಕೊಂಡು ಇದೇ ರಸ್ತೆಯಲ್ಲಿ ಶಿವಮೊಗ್ಗದ ಆಜಾದ್ ನಗರದಲ್ಲಿದ್ದ ನಾನಿಯ ಮನೆಗೆ ಕರೆತರುತ್ತಿದ್ದರು. ಬಾರಿಗೆ ಟವೆಲ್ ಸುತ್ತಿ ಗಂಟು ಹಾಕುತ್ತಿದ್ದರು. ಹೊರಡುವ ಮುಂಚೆ ಎರಡೂ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮುಂದಿನದರಿಂದ ಒಂಚೂರು ಗಾಳಿ ಬಿಡುತ್ತಿದ್ದರು. ದಾರಿಯುದ್ದಕ್ಕೂ "ಆರಾಮಿದೀಯಾ?" ಎಂದು ಕೇಳುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಆ ಮನುಷ್ಯನನ್ನು ಯಾರೂ ಹಾಗೆ ಕೇಳಿದ್ದು ನಮಗೆ ನೆನಪಿಲ್ಲ.

ಗೇಟಿನ ಮುಂದೆ ಬಂದಾಗ ಇಳಿದು ತಳ್ಳಿಕೊಂಡು ಹೋದೆವು. ಯಾಕೆಂದು ಯಾರಾದರೂ ಕೇಳಿದ್ದರೆ ಚೈನು ಜಾರಿದೆ ಅನ್ನಬೇಕೆಂದಿದ್ದೆವು. ಯಾರೂ ಕೇಳಲಿಲ್ಲ.

ಅಬ್ಬಾ ಜಗಲಿಯ ಮೇಲಿದ್ದರು. ಬೆಲೆ ಕೇಳಿದರು. ಸುಳ್ಳು ಹೇಳೋಣ ಎಂದುಕೊಂಡಿದ್ದ ಬಾಯಿ ನಿಜವನ್ನೇ ಹೇಳಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಿದರು. "ಕ್ಯಾರಿಯರ್ ಎಲ್ಲಿ?" ಅಂದರು. ಇಲ್ಲ ಅಂದೆವು. "ಉಕ್ಕು ಮುರಿಯೋ ಮುಂಚೆ ಬಾಗತ್ತೆ, ಹೇಳಿ ಮುರಿಯತ್ತೆ. ಇದು ಹೇಳತ್ತಾ?" ಹೇಳೋದಿಲ್ಲ, ಏಟು ಬಿದ್ದರೆ ಒಳಗೇ ಬಿರುಕು ಬಿಡಬಹುದು, ಬಿದ್ದಾಗೆಲ್ಲ ತೋರಿಸಬೇಕು, ನಾಣ್ಯದಿಂದ ತಟ್ಟಿ ನೋಡುತ್ತಾರೆ ಎಂದೆವು. ಜೇಬಿನಿಂದ ಒಂದು ರೂಪಾಯಿ ತೆಗೆದರು. ಎರಕದ ತುಂಡುಗಳನ್ನು ಸುತ್ತಿಗೆಯಿಂದ ತಟ್ಟಿ ದನಿ ಕೇಳಿ ಬಿರುಕು ಹಿಡಿಯುತ್ತಿದ್ದ ಕೈ ಅದು. ಹ್ಯಾಂಡಲಿನ ಬುಡದಿಂದ ಶುರುಮಾಡಿ, ಕಿವಿ ಹತ್ತಿರ ತಂದು, ಪ್ರತಿ ಕೊಳವೆಯನ್ನೂ ಗೇಣಿಗೊಮ್ಮೆ ತಟ್ಟುತ್ತಾ ಹೋದರು. ಗೋಡೆಯಾಚೆಯ ಮಕ್ಕಳು ಬಂದು ನಿಂತರು. ಹತ್ತು ನಿಮಿಷ ಹಿಡಿಯಿತು.

"ಎಲ್ಲಾ ಕಡೆ ಒಂದೇ ದನಿ" ಅಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಾಗಿ, ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದರು.

"ಗಾಳಿ ಜಾಸ್ತಿ ಆಯ್ತು ಬೇಟಾ. ಒಂಚೂರು ಬಿಡು."