ಪೋರ್ಷನ್ ಮುಗಿದಿತ್ತು

ಜಪಾನಿನಿಂದ ಬಂದ ಮೇಲೆ ಶಿಕ್ಷಕರ ತರಬೇತಿಗಳಲ್ಲಿ ಎಷ್ಟು ಸಲ ಭಾಷಣ ಬಿಗಿದೆನೋ ಲೆಕ್ಕವಿಟ್ಟಿಲ್ಲ. ಮಕ್ಕಳೇ ಶಾಲೆ ಗುಡಿಸುವ ಫೋಟೊ, ಬಿಳಿ ಏಪ್ರನ್, ಟೋಪಿ ತೊಟ್ಟು ಸಹಪಾಠಿಗಳಿಗೆ ಊಟ ಬಡಿಸುವ ಫೋಟೊ, ಬಾಗಿಲ ಬಳಿ ಸಾಲಾಗಿಟ್ಟ ಶೂಗಳ ಫೋಟೊ. ಚಪ್ಪಾಳೆ ಗ್ಯಾರಂಟಿ. (ಗುಡಿಸುವುದು ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೇನು ಹೊಸದೇ? ಜಪಾನಿನಲ್ಲಿ ಮೇಷ್ಟ್ರೂ ಬಟ್ಟೆ ಹಿಡಿದು ಜೊತೆಗೆ ಒರೆಸುತ್ತಿದ್ದರು ಅನ್ನುವ ಮಾತನ್ನು ಮಾತ್ರ ಬೇಗ ದಾಟಿಸಿಬಿಡುತ್ತಿದ್ದೆ.)

ಒಂದು ಸಂಗತಿಯ ಬಗ್ಗೆಯಂತೂ ಬಾಯೇ ಬಿಡಲಿಲ್ಲ.

ಜಪಾನ್ ಸರ್ಕಾರ ವಿದೇಶಿ ಶಿಕ್ಷಕರಿಗೆ ಕೊಡುವ ಒಂದೂವರೆ ವರ್ಷದ ತರಬೇತಿ ಶಿಷ್ಯವೇತನದಲ್ಲಿ ಹೋದವನು ನಾನು. ಮೊದಲ 6 ತಿಂಗಳು ಭಾಷೆ ಕಲಿಯುವುದರಲ್ಲೇ ಕಳೆಯಿತು. ಆಮೇಲೊಂದು ದಿನ ಪ್ರಾಥಮಿಕ ಶಾಲೆಯೊಂದರಲ್ಲಿ ‘ಜುಗ್ಯೋ ಕೆಂಕ್ಯೂ’ ನೋಡಿದೆ. ಅಂದರೆ ಪಾಠದ ಅಧ್ಯಯನ. ಒಬ್ಬರು ಪಾಠ ಮಾಡುತ್ತಾರೆ, ಉಳಿದ ಶಿಕ್ಷಕರು ಸುತ್ತ ನಿಂತು ಮಕ್ಕಳನ್ನು ಗಮನಿಸಿ ಬರೆದುಕೊಳ್ಳುತ್ತಾರೆ, ತರಗತಿ ಮುಗಿದ ಮೇಲೆ ಕೂತು ಚರ್ಚಿಸುತ್ತಾರೆ.

ಅವತ್ತು ಐದನೇ ತರಗತಿ, ತ್ರಾಪಿಜ್ಯದ ವಿಸ್ತೀರ್ಣ. ಟೀಚರ್ ಸೂತ್ರ ಹೇಳಲಿಲ್ಲ. ಒಬ್ಬ ಅದನ್ನು ಎರಡು ತ್ರಿಭುಜವಾಗಿ ಸೀಳಿದ. ಒಬ್ಬಳು ಅಂಥದೇ ಇನ್ನೊಂದನ್ನು ತಲೆಕೆಳಗು ಮಾಡಿ ಜೋಡಿಸಿ ಸಮಾಂತರ ಚತುರ್ಭುಜ ಮಾಡಿದಳು. ತಪ್ಪು ದಾರಿ ಹಿಡಿದವನ ಲೆಕ್ಕವೂ ಗಂಟೆ ಹೊಡೆಯುವ ತನಕ ಬೋರ್ಡಿನ ಮೇಲೆ ಹಾಗೇ ಇತ್ತು. ಸಂಜೆ ಕಿರಿಯ ಶಿಕ್ಷಕನೊಬ್ಬ ಎದ್ದು ಹೇಳಿದ: “ಕಿಟಕಿ ಪಕ್ಕದ ಹುಡುಗ ಮೂರು ಸಲ ಬರೆದು ಮೂರು ಸಲವೂ ಅಳಿಸಿದ. ನೀವು ಎರಡು ಸಲ ಅವನ ಪಕ್ಕದಲ್ಲೇ ಹಾದುಹೋದಿರಿ.” ಕೂದಲು ನೆರೆತ ಆ ಟೀಚರ್ ಅದನ್ನು ಬರೆದುಕೊಂಡು, ಅವನಿಗೆ ತಲೆಬಾಗಿದರು. ನನಗೆ ಆಗ ಅನಿಸಿದ್ದಿಷ್ಟೇ: ಸದ್ಯ, ಆ ಜಾಗದಲ್ಲಿ ನಾನಿಲ್ಲ.

ನಮ್ಮಲ್ಲಿ ಯಾರಾದರೂ ಕ್ಲಾಸಿನ ಹಿಂದೆ ಬಂದು ಕೂತರೆ ಅದು ತಪಾಸಣೆ ಎಂದೇ ಲೆಕ್ಕ. ಈ ನೆಪ ನನಗೆ ಎಷ್ಟೋ ವರ್ಷ ಬಾಳಿಕೆ ಬಂತು. ಹೋದ ವರ್ಷ ಶಾಲೆಗೆ ಹೊಸದಾಗಿ ಬಂದ ಟೀಚರ್, ನನ್ನ ಭಾಷಣ ಕೇಳಿದ್ದವರೇ, “ಸರ್, ನಿಮ್ಮ ಕ್ಲಾಸಲ್ಲಿ ಒಂದು ಪೀರಿಯಡ್ ಹಿಂದೆ ಕೂತ್ಕೋಬಹುದಾ?” ಎಂದರು.

“ಈ ವಾರ ಬೇಡಮ್ಮ, ಟೆಂತ್‌ನವರಿಗೆ ಪೋರ್ಷನ್ ಮುಗಿಸ್ಬೇಕು.”

ಪೋರ್ಷನ್ ಮುಗಿದು ಹದಿನೈದು ದಿನವಾಗಿತ್ತು. ರಿವಿಷನ್ ನಡೆಸುತ್ತಿದ್ದೆ. ಅವತ್ತೇ ಒಬ್ಬ ಹುಡುಗ ಬೋರ್ಡಿನ ಮೇಲೆ ಲೆಕ್ಕ ತಪ್ಪು ಮಾಡಿದ. ಅವನು ಬೆಂಚಿಗೆ ಹೋಗಿ ಕೂರುವಷ್ಟರಲ್ಲಿ ಡಸ್ಟರ್ ತೆಗೆದುಕೊಂಡು ಅಳಿಸಿಯಾಗಿತ್ತು. ಎಲ್ಲಿ ತಪ್ಪಿದ ಅಂತ ನಾನೂ ನೋಡಿರಲಿಲ್ಲ.

ಆ ಟೀಚರ್ ಮತ್ತೆ ಕೇಳಲಿಲ್ಲ.