ಎಳೆಯರ ಮುಂದೆ ಎಂಥ ಚಿತ್ರ?

ಚಲನಚಿತ್ರವು ಮಕ್ಕಳನ್ನು ಕೆಡಿಸುತ್ತದೆಯೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಮಕ್ಕಳು ನೋಡುತ್ತಲೇ ಬಂದಿದ್ದಾರೆ. ಈ ವಾದದಲ್ಲಿ ನನಗೆ ಅಷ್ಟಾಗಿ ಆಸಕ್ತಿಯಿಲ್ಲ. ನಮ್ಮ ಶಾಲೆಯ ಉಚಿತ ಪ್ರಸಾದ ನಿಲಯದ ಮಕ್ಕಳಿಗೆ ತಿಂಗಳಿಗೊಂದು ಚಿತ್ರವನ್ನು ತೋರಿಸುವ ವ್ಯವಸ್ಥೆಯಾದಾಗ, ಅವುಗಳನ್ನು ಮೊದಲು ನೋಡಿ ಆರಿಸುವ ಹೊಣೆಯನ್ನು ಮುಖ್ಯೋಪಾಧ್ಯಾಯರು ನನಗೂ ಇನ್ನಿಬ್ಬರು ಅಧ್ಯಾಪಕ ಮಿತ್ರರಿಗೂ ವಹಿಸಿದರು. ಆ ಕಾರ್ಯದಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದಷ್ಟೇ ನನ್ನ ಉದ್ದೇಶ.

“ಕಾರ್ಟೂನ್ ಚಿತ್ರವೆಂದ ಮೇಲೆ ಪರೀಕ್ಷೆಯ ಅಗತ್ಯವೇನು ಗುರುಗಳೇ?” ಎಂದು ಕಿರಿಯ ಮಿತ್ರರೊಬ್ಬರು ಆರಂಭದಲ್ಲಿಯೇ ಪ್ರಶ್ನಿಸಿದರು. ಬರೆದ ಚಿತ್ರಗಳು ಕುಣಿದರೆ ಅದು ಮಕ್ಕಳದೇ ಸೊತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1988ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ಘಿಬ್ಲಿ ಸಂಸ್ಥೆಯವರ ಎರಡು ಅನಿಮೇಷನ್ ಚಿತ್ರಗಳು ಜೊತೆಯಾಗಿ ಒಂದೇ ಪ್ರದರ್ಶನದಲ್ಲಿ ತೆರೆಕಂಡವು. ಹಯಾವೊ ಮಿಯಝಾಕಿಯವರ ‘ಮೈ ನೇಬರ್ ಟೊಟೊರೊ’ ಒಂದು. ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಇನ್ನೊಂದು. ಮೊದಲನೆಯದನ್ನು ನಾಲ್ಕು ವರ್ಷದ ಕೂಸೂ ನಗುತ್ತ ನೋಡಬಹುದು. ಎರಡನೆಯದರಲ್ಲಿ ಯುದ್ಧಕಾಲದ ಅಣ್ಣ ತಂಗಿಯರಿಬ್ಬರು ಅನ್ನವಿಲ್ಲದೆ ಸೊರಗಿ ಸಾಯುತ್ತಾರೆ. ಅದನ್ನು ನೋಡಿದ ರಾತ್ರಿ, ಅರವತ್ತರ ಅಂಚಿನಲ್ಲಿರುವ ನನಗೇ ನಿದ್ರೆ ಹತ್ತಲಿಲ್ಲ. ಮರುದಿನ ಮಿತ್ರರಿಗೂ ತೋರಿಸಿದೆನು. ಅವರು ತಮ್ಮ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಸರಕಾರದ ಪ್ರಮಾಣಪತ್ರವು ಒಂದು ಮಟ್ಟಿಗೆ ಸಹಾಯಕ. ನಮ್ಮಲ್ಲಿ 1952ರ ಚಲನಚಿತ್ರ ಕಾಯಿದೆಯಿದೆ. 1983ರಲ್ಲಿ ಯುಎ ಎಂಬ ವರ್ಗ ಸೇರಿತು. 2023ರ ತಿದ್ದುಪಡಿಯಿಂದ ಅದು 7, 13, 16 ವರ್ಷಗಳೆಂದು ಮೂರಾಗಿ ಒಡೆಯಿತು. ಇದು ಒಳ್ಳೆಯದೇ. ಆದರೆ ಮಂಡಳಿಯವರು ಅಳೆಯುವುದು ಮಗುವಿನ ವಯಸ್ಸನ್ನು. ಯಾವ ಮಗುವಿನ ಮನೆಯಲ್ಲಿ ಏನಾಗಿದೆಯೆಂಬುದು ಅವರಿಗೆ ಹೇಗೆ ತಿಳಿದೀತು?

ನಮ್ಮ ಪಟ್ಟಿಯ ಮೊದಲಿನಲ್ಲಿದ್ದುದು 1994ರಲ್ಲಿ ಬಂದ ಡಿಸ್ನಿ ಸಂಸ್ಥೆಯ ‘ದಿ ಲಯನ್ ಕಿಂಗ್’. ಒಂದೂವರೆ ಗಂಟೆಗೆ ತುಸು ಕಡಿಮೆಯಾದ ಆ ಚಿತ್ರದ ಬಣ್ಣ, ಸಂಗೀತ, ಪ್ರಾಣಿಗಳ ನಡಿಗೆಯ ಸೊಬಗು ಮೆಚ್ಚತಕ್ಕವು. ಸಿಂಹದ ಮರಿ ಸಿಂಬಾನನ್ನು ಚಿಕ್ಕಪ್ಪ ಸ್ಕಾರ್ ಉಪಾಯದಿಂದ ಕಮರಿಯೊಂದಕ್ಕೆ ಕರೆತಂದು ಕೂರಿಸುತ್ತಾನೆ. ಕಾಡುದನಗಳ ಹಿಂಡು ನುಗ್ಗಿ ಬರುತ್ತದೆ. ಮಗನನ್ನು ಕಾಪಾಡಿದ ತಂದೆ ಮುಫಾಸಾನನ್ನು ಸ್ಕಾರ್ ಬಂಡೆಯ ಮೇಲಿಂದ ಕೆಳಕ್ಕೆ ತಳ್ಳುತ್ತಾನೆ. ಧೂಳು ಅಡಗಿದ ಮೇಲೆ ಮರಿ ಬಂದು ತಂದೆಯ ಮುಖವನ್ನು ತಳ್ಳಿ ಎಬ್ಬಿಸಲು ನೋಡುತ್ತದೆ; ಏಳದಿರಲು ಅವನ ಮುಂಗಾಲಿನಡಿ ನುಸುಳಿ ಮಲಗುತ್ತದೆ.

ಇದು ಎಳೆಯರಿಗೆ ಬೇಡವೆಂದು ನಾನೆಂದಾಗ ಆಕ್ಷೇಪಣೆ ಎದ್ದಿತು. ಸಾವಿಲ್ಲದ ಕಥೆಯಾದರೂ ಯಾವುದು? ನಮ್ಮ ಮಕ್ಕಳು ‘ಗೋವಿನ ಹಾಡ’ನ್ನು ಕೇಳುವುದಿಲ್ಲವೆ, ಪುಣ್ಯಕೋಟಿಯು ಕರುವನ್ನು ಬಿಟ್ಟು ಹೊರಡುವಾಗ ಅಳುವುದಿಲ್ಲವೆ ಎಂದರು. ಮಾತು ಸರಿಯಾದುದೇ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಮಕ್ಕಳ 45 ಅನಿಮೇಷನ್ ಚಿತ್ರಗಳನ್ನು ದೊಡ್ಡವರ 90 ಚಿತ್ರಗಳೊಡನೆ ಹೋಲಿಸಿ, ಮುಖ್ಯ ಪಾತ್ರವು ಸಾಯುವ ಸಂಭವ ಮಕ್ಕಳ ಚಿತ್ರಗಳಲ್ಲಿಯೇ ಎರಡೂವರೆ ಪಟ್ಟು ಹೆಚ್ಚೆಂದು ತೋರಿಸಿತ್ತು. ಸಾವನ್ನು ಎಣಿಸುತ್ತ ಕುಳಿತರೆ ತೋರಿಸಲು ಏನೂ ಉಳಿಯದು.

ನನ್ನ ಅಳುಕು ಸಾವಿನದಲ್ಲ, ಅದರ ಮರುಕ್ಷಣದ ಮಾತಿನದು. ಹೆಣದ ಬಳಿಯೇ ನಿಂತು ಸ್ಕಾರ್, ನೀನಿಲ್ಲದಿದ್ದರೆ ನಿನ್ನ ತಂದೆ ಬದುಕಿರುತ್ತಿದ್ದನೆಂಬ ಅರ್ಥ ಬರುವಂತೆ ಮರಿಯ ಮೇಲೆ ತಪ್ಪನ್ನು ಹೊರಿಸಿ ಓಡಿಸುತ್ತಾನೆ. ಅದು ಸುಳ್ಳೆಂದು ದೊಡ್ಡವರಾದ ನಮಗೆ ಗೊತ್ತು. ಆರೇಳು ವರ್ಷದ ಮಗುವಿನ ಮನಸ್ಸು ಹಾಗಲ್ಲ. ತಾನು ಹಟ ಮಾಡಿದ್ದರಿಂದಲೇ ಅವ್ವನಿಗೆ ಜ್ವರ ಬಂದಿತು, ತಾನು ಸಿಟ್ಟಾದುದರಿಂದಲೇ ಅಪ್ಪ ಮನೆಗೆ ಬರಲಿಲ್ಲ ಎಂದು ನಂಬುವ ವಯಸ್ಸು ಅದು. ಸಿಂಬಾನ ಮೇಲಿನ ಈ ಹೊರೆ ಇಳಿಯುವುದು ಚಿತ್ರದ ಕೊನೆಯಲ್ಲಿ, ಅರ್ಧ ಗಂಟೆಗೂ ಮಿಗಿಲಾದ ಕಾಲದ ಬಳಿಕ. ನಡುವೆ ಹಾಡು, ಹುಳು ತಿನ್ನುವ ತಮಾಷೆ, ಕಾಡುಹಂದಿಯ ಹಾಸ್ಯ. ಹತ್ತು ವರ್ಷದವನು ಎಳೆಯನ್ನು ಹಿಡಿದು ಕೊನೆಯವರೆಗೆ ಬಂದಾನು. ಎಳೆಯ ಮಗು ಕಮರಿಯಲ್ಲಿಯೇ ಉಳಿದುಬಿಡಬಹುದು. ಪುಣ್ಯಕೋಟಿಯಾದರೋ ಹಾಡು ಮುಗಿಯುವುದರೊಳಗೆ ಹಿಂದಿರುಗುತ್ತಾಳೆ. ಕರುವಿನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಿಲಯದಲ್ಲಿ ಆಗ ಎರಡನೆಯ ತರಗತಿಯ ಬಾಲಕನೊಬ್ಬನಿದ್ದನು. ಹಿಂದಿನ ವರ್ಷವಷ್ಟೇ ತಂದೆಯನ್ನು ಕಳೆದುಕೊಂಡಿದ್ದನು. ಅಂದು ಪೇಟೆಯಿಂದ ಬಳಪದ ಡಬ್ಬಿ ತಂದುಕೊಡೆಂದು ತಂದೆಯನ್ನು ಕಾಡಿದ್ದನಂತೆ; ತಂದೆ ಹೋದುದು ಆ ದಾರಿಯಲ್ಲಿಯೇ. ಇದನ್ನು ನಿಲಯಪಾಲಕರಿಗೆ ಅವನೇ ಒಮ್ಮೆ ಹೇಳಿದ್ದನು. ಇಂಥವನನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿ ಸ್ಕಾರ್‌ನ ಮಾತನ್ನು ಕೇಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಐದನೆಯ ತರಗತಿ ಮತ್ತು ಮೇಲಿನವರಿಗೆ ಆ ಚಿತ್ರ, ಕಿರಿಯರಿಗೆ ಟೊಟೊರೊ ಎಂದು ತೀರ್ಮಾನವಾಯಿತು.

ಟೊಟೊರೊ ನಿರಾತಂಕವಾದ ಆಯ್ಕೆಯೆಂದು ಹೇಳಲಾರೆ. ಅಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೆ ಹತ್ತಿರವಾಗಲೆಂದು ತಂದೆ ಇಬ್ಬರು ಹೆಣ್ಣುಮಕ್ಕಳೊಡನೆ ಹಳ್ಳಿಯ ಹಳೆಯ ಮನೆಗೆ ಬಂದಿದ್ದಾನೆ. ತಾಯಿ ಮನೆಗೆ ಬರುವುದು ಮುಂದಕ್ಕೆ ಹೋದಾಗ, ಅಕ್ಕನೊಡನೆ ಜಗಳವಾಡಿದ ಪುಟ್ಟ ಮೇಯ್ ಒಂದು ಮೆಕ್ಕೆಜೋಳದ ತೆನೆಯನ್ನು ಎದೆಗವಚಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೊರಟು ದಾರಿ ತಪ್ಪುತ್ತಾಳೆ. ಊರವರು ಕೆರೆಯಲ್ಲಿ ಹುಡುಕುತ್ತಾರೆ. ಪುಟ್ಟ ಚಪ್ಪಲಿಯೊಂದು ಸಿಗುತ್ತದೆ. ಭಯವೇನೋ ನಿಜವಾದದ್ದೇ. ಆದರೆ ಚಪ್ಪಲಿ ಅವಳದಲ್ಲವೆಂದು ಅಕ್ಕ ಕೂಡಲೇ ಗುರುತಿಸುತ್ತಾಳೆ. ಅವಳು ಕಾಣೆಯಾದ ಕಾಲು ಗಂಟೆಯೊಳಗೆ, ಬೆಕ್ಕಿನಾಕಾರದ ಬಸ್ಸೊಂದು ಅಕ್ಕನನ್ನು ಅವಳ ಬಳಿಗೆ ಒಯ್ಯುತ್ತದೆ. ಭಯವಿದೆ, ಭಯವನ್ನು ಇಳಿಸಿಡಲು ಜಗಲಿಯೂ ಹತ್ತಿರದಲ್ಲಿದೆ. ಖಳನೆಂಬವನು ಚಿತ್ರದಲ್ಲಿಲ್ಲ.

ಇದಕ್ಕೂ ಆಕ್ಷೇಪಣೆ ಬಾರದೆ ಇರಲಿಲ್ಲ. ತಂದೆಯೂ ಇಬ್ಬರು ಹೆಣ್ಣುಮಕ್ಕಳೂ ಒಂದೇ ತೊಟ್ಟಿಯಲ್ಲಿ ಸ್ನಾನಮಾಡುವ ದೃಶ್ಯವೊಂದಿದೆ. ಅದನ್ನು ದಾಟಿಸಿಬಿಡೋಣವೆಂದು ಹಿರಿಯ ಮಿತ್ರರು ಸೂಚಿಸಿದರು. ಜಪಾನಿನ ಮನೆಗಳಲ್ಲಿ ಅದು ಸಹಜವಾದ ರೂಢಿ. ಗಾಳಿಗೆ ಹಳೆಯ ಮನೆ ಗಡಗಡಿಸುವಾಗ ಹೆದರಿದ ಮಕ್ಕಳಿಗೆ ತಂದೆ ಜೋರಾಗಿ ನಗುವುದನ್ನು ಕಲಿಸುವುದು ಅಲ್ಲಿಯೇ. ಅದನ್ನು ಕತ್ತರಿಸಿದರೆ ಚಿತ್ರದ ತಂದೆಯನ್ನೇ ಅರ್ಧ ಕತ್ತರಿಸಿದಂತೆ. ದೃಶ್ಯ ಉಳಿಯಿತು. ನೆಗಡಿಯಾದವರಂತೆ ಕೆಮ್ಮಿದವರು ಅಧ್ಯಾಪಕರು ಮಾತ್ರ. ಮಕ್ಕಳು ಆ ತಂದೆಯೊಡನೆ ಗಹಗಹಿಸಿದರು.

ಚಿತ್ರದ ಮಾತು ಜಪಾನಿ ಭಾಷೆಯದು. ಧ್ವನಿಯನ್ನು ತಗ್ಗಿಸಿ, ಪರದೆಯ ಪಕ್ಕದಲ್ಲಿ ನಿಂತು ನಾನೇ ಕನ್ನಡದಲ್ಲಿ ಕಥೆ ಹೇಳುತ್ತ ಹೋದೆನು. ಇದರಿಂದ ಅನಿರೀಕ್ಷಿತವಾದ ಲಾಭವಾಯಿತು. ಚಪ್ಪಲಿ ಸಿಕ್ಕಾಗ ಚಿತ್ರವನ್ನು ನಿಲ್ಲಿಸಿ, “ಇದು ಯಾರದಿರಬಹುದು?” ಎಂದು ಕೇಳಲು ಸಾಧ್ಯವಾಯಿತು. ಅರ್ಧದಷ್ಟು ಮಕ್ಕಳು “ಅವಳದಲ್ಲ, ಅವಳದಲ್ಲ” ಎಂದು ಕೂಗಿದರು. ಹೆಸರುಗಳು ಬರತೊಡಗಿದೊಡನೆ ಯಂತ್ರವನ್ನು ಆರಿಸುವ ಅಭ್ಯಾಸವನ್ನು ಅಂದು ಬಿಟ್ಟೆವು. ತಾಯಿ ಮನೆಗೆ ಬಂದ ಚಿತ್ರಗಳಿರುವುದು ಆ ಹೆಸರುಗಳ ಹಿಂದೆಯೇ.

ಪ್ರದರ್ಶನ ಮುಗಿದ ಮೇಲೆ ಆ ಬಾಲಕ ನನ್ನ ಬಳಿಗೆ ಬಂದು, ಮೇಯ್ ಕೇಳದೆ ಹೋದುದಕ್ಕೆ ಅವಳ ಅವ್ವ ಬೈದಳೇ ಎಂದು ವಿಚಾರಿಸಿದನು. ಇಲ್ಲಪ್ಪಾ, ತೆನೆಯನ್ನು ಕಂಡು ನಕ್ಕಳು ಎಂದೆನು. ಸ್ವಲ್ಪ ಹೊತ್ತು ನಿಂತಿದ್ದು, ಊಟದ ಸಾಲಿಗೆ ಓಡಿದನು.

ಅವನೀಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಬರುವ ವರ್ಷ ಐದನೆಯ ತರಗತಿಯವರ ಸಾಲಿನಲ್ಲಿ ಸಿಂಹದ ಚಿತ್ರಕ್ಕೆ ಕೂರಬೇಕಾದವನು. ಅವನ ತಾಯಿಯೊಡನೆ ಮೊದಲು ಮಾತಾಡುವುದಾಗಿ ನಿಲಯಪಾಲಕರು ಹೇಳಿದ್ದಾರೆ.